ಜೋಡಿ ಗುರುತು

9 ಫೆಬ್ರವರಿ 1988

ತಂಗೀ,

ನಿನ್ನ ಕಾಗದ ಶನಿವಾರ ತಲುಪಿತು. ನನ್ನ ಕಣ್ಣು ಈಗ ಬರೆಯಲು ಸಾಕು, ಓದಲು ಸಾಲದು. ಹಾಗಾಗಿ ಎಂದಿನಂತೆ ಮಗಳೇ ಜೋರಾಗಿ ಓದಿ ಹೇಳಿದಳು. ಬಂದರಿನ ಕ್ರೇನ್ ವಿಭಾಗದಲ್ಲಿ ಅಳಿಯನಿಗೆ ಕೆಲಸ ಗೊತ್ತುಮಾಡಿದ್ದೀಯ ಎಂಬ ಸಾಲನ್ನು ಎರಡು ಸಲ ಓದಿದಳು. ನೀನು ಪಟ್ಟ ಶ್ರಮ ಸಣ್ಣದಲ್ಲ. ಆದರೆ ಅಳಿಯ ಬರುವುದಿಲ್ಲ. ಕಾರಣ ಬರೆಯುತ್ತೇನೆ. ಓದಿದ ಮೇಲೆ ಬೈಯಬೇಕು ಅನ್ನಿಸಿದರೆ ಬೈ.

ಕಾರ್ಖಾನೆ ನಿಂತು ಐದು ವಾರವಾಗಿದ್ದು ನಿಜ. ಆದರೆ ಮುಚ್ಚಿಲ್ಲ. ಕಾಗದದ ಯಂತ್ರವನ್ನು ಪೂರ್ತಿ ಬಿಚ್ಚಿ, ಅದನ್ನು ತಯಾರಿಸಿದ ಕಂಪನಿಗೇ ರಿಪೇರಿಗೆ ಕಳಿಸುತ್ತಿದ್ದಾರೆ. ಹನ್ನೊಂದು ತಿಂಗಳಿಗೆ ವಾಪಸು ಬರುತ್ತದೆ, ವೇಗ ಒಂದೂವರೆ ಪಟ್ಟು ಆಗಿರುತ್ತದೆ. ಮ್ಯಾನೇಜರ್ ನನ್ನನ್ನೇ ಕರೆದು, "ಮೇಸ್ತ್ರಿ, ಒಂದು ಬೋಲ್ಟೂ ಅದಲುಬದಲು ಆಗಬಾರದು. ಗುರುತು ನೀವೇ ನಿಂತು ಹಾಕಿಸಿ" ಎಂದರು.

ಜೋಡಿ ಗುರುತು ಅಂದರೆ ನಿನಗೆ ಗೊತ್ತು, ಅಪ್ಪ ಹೊಡೆಯುವುದನ್ನು ನೋಡಿದ್ದೀಯ. ಒಟ್ಟಿಗೆ ಕೂರುವ ಎರಡು ಭಾಗಗಳ ಮೇಲೆ ಪಂಚಿನಿಂದ ಒಂದೇ ಗುರುತು ಹೊಡೆಯುವುದು. ಮತ್ತೆ ಜೋಡಿಸುವಾಗ ಗುರುತಿಗೆ ಗುರುತು ಕೂಡಿಸಿದರೆ ಸಾಕು. ಕಾಗದ ಒಣಗಿಸುವ ಉರುಳೆಗಳೇ ನಲವತ್ತೊಂದು ಇವೆ. ಒಂದೊಂದಕ್ಕೂ ಎರಡು ಬದಿ, ಬದಿಗೊಂದು ಬೇರಿಂಗ್, ಬೇರಿಂಗಿಗೆ ಮೇಲಿನ ಅರ್ಧ, ಕೆಳಗಿನ ಅರ್ಧ. ಎಲ್ಲದರ ಮೇಲೂ ನಂಬರು, ನಂಬರಿನ ಪಕ್ಕ ನನ್ನದೊಂದು ಓರೆ ಗೀರು. ನಾನು ಎಡಚ, ನನ್ನ ಗೀರು ಊರಿಗೆಲ್ಲ ಉಲ್ಟಾ ವಾಲುತ್ತದೆ.

ಜನ ಹೆದರಿದ್ದರು. ಸಿಮೆಂಟ್ ಕಾರ್ಖಾನೆಯವರು ಬಂದು ಆಳುಗಳ ಹೆಸರು ಬರೆದುಕೊಳ್ಳುತ್ತಿದ್ದರು. ಕ್ಯಾಂಟೀನಿನಲ್ಲಿ ಎಲ್ಲರೂ ನನ್ನ ಸುತ್ತ ನಿಂತರು. ಬಾಯ್ಲರಿನ ಮುದುಕ ನೇರವಾಗಿ ಕೇಳಿಯೇಬಿಟ್ಟ: "ಮೇಸ್ತ್ರಿ, ಬಾಯಿಬಿಟ್ಟು ಹೇಳಪ್ಪ. ಇದು ರಿಪೇರಿಗೋ, ಗುಜರಿಗೋ?"

"ಗುಜರಿಗೆ ಹಾಕೋ ಮಾಲಿಗೆ ಯಾರಾದ್ರೂ ಜೋಡಿ ಗುರುತು ಹೊಡೆಸ್ತಾರೇನಯ್ಯಾ? ಹೆಣಕ್ಕೆ ಅಳತೆ ತಗೊಂಡು ಅಂಗಿ ಹೊಲಿಸ್ತಾರಾ?" ಎಂದೆ.

ಎಲ್ಲರೂ ನಕ್ಕರು. ಸಿಮೆಂಟಿನವರಿಗೆ ಹೆಸರು ಕೊಡದೆ ಇಪ್ಪತ್ತೆರಡು ಜನ ಉಳಿದರು. ಅವರಿಗೆಲ್ಲ ಇರಿ ಎಂದು ಹೇಳಿ, ನನ್ನ ಅಳಿಯನನ್ನು ಮಾತ್ರ ಸದ್ದಿಲ್ಲದೆ ಬಂದರಿಗೆ ಸಾಗಿಸಿದರೆ ನನ್ನ ಮುಖಕ್ಕೆ ಯಾರು ಉಗಿಯುವುದಿಲ್ಲ ಹೇಳು.

ನಿನ್ನ ಅಣ್ಣ


20 ಫೆಬ್ರವರಿ 1988

ಅಣ್ಣಾ,

ಬೈ ಎಂದು ನೀನೇ ಅಪ್ಪಣೆ ಕೊಟ್ಟಿದ್ದೀಯ. ಇನ್ನು ನನ್ನ ತಪ್ಪಿಲ್ಲ.

ಈ ಕೆಲಸಕ್ಕಾಗಿ ಸೂಪರಿಂಟೆಂಡೆಂಟರ ಬಾಗಿಲಿಗೆ ಏಳು ಸಲ ಅಲೆದಿದ್ದೇನೆ. ಕೊನೆಗೆ ಅವರು, "ಅಮ್ಮಾ, ಆ ಹುಡುಗನ ಯೋಗ್ಯತೆಗಲ್ಲ, ನಿಮ್ಮ ಕಾಟಕ್ಕೆ ಮಂಜೂರು ಮಾಡ್ತಿದ್ದೀನಿ" ಎಂದರು. ಕಾಯಂ ಕೆಲಸ, ಎಣ್ಣೆ ಹಾಕುವುದು, ಗೇರು ನೋಡುವುದು, ಅವನಿಗೆ ಗೊತ್ತಿರುವುದೇ. ನೀನು ಒಂದೇ ಸಾಲಿನಲ್ಲಿ "ಬರುವುದಿಲ್ಲ" ಎಂದು ಮುಗಿಸಿದೆ. ಅವನನ್ನು ಒಂದು ಮಾತು ಕೇಳಿದೆಯಾ? ಅಥವಾ ಅಳಿಯನಿಗೂ ಪಂಚಿನಿಂದ ಗುರುತು ಹೊಡೆದು ಇಟ್ಟಿದ್ದೀಯಾ?

ಮಾರ್ಚ್ 31ರವರೆಗೆ ಜಾಗ ಹಿಡಿದಿಡುತ್ತಾರೆ. ಏಪ್ರಿಲ್ ಒಂದಕ್ಕೆ ಪಟ್ಟಿಯಲ್ಲಿ ಮುಂದಿನವನಿಗೆ ಹೋಗುತ್ತದೆ. ಆಮೇಲೆ ನಾನು ಆ ಬಾಗಿಲಿಗೆ ಎಂಟನೇ ಸಲ ಹೋಗಲಾರೆ.

ನಾನಿಲ್ಲಿ ಎಂದಿನಂತೆಯೇ. ಯಜಮಾನರು ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಸೇರಿ ಒಂಬತ್ತು ವರ್ಷವಾಯಿತು. ನಾಲ್ಕನೇ ಗೋದಾಮಿನಲ್ಲಿ ಬಂದ ಪೆಟ್ಟಿಗೆ ಎಣಿಸುವುದು, ಹೋದ ಪೆಟ್ಟಿಗೆ ಎಣಿಸುವುದು, ಒಡೆದದ್ದಿದ್ದರೆ ಹಾಳೆಯಲ್ಲಿ ಬರೆದು ಸಹಿ ಮಾಡುವುದು. ಕೋಣೆಗೆ ಐವತ್ತೆಂಟು ಮೆಟ್ಟಿಲು. ಕೆಳಗಿನ ದರ್ಜಿ, "ಅಮ್ಮಾವ್ರೇ, ನೀವು ಹತ್ತೋ ಹೊತ್ತಿಗೆ ನಾನೊಂದು ಪ್ಯಾಂಟು ಮುಗಿಸ್ತೀನಿ" ಅನ್ನುತ್ತಾನೆ.

ನಿನಗೆ ಯಂತ್ರದ ಮೇಲೆ ನಂಬಿಕೆ. ನನಗೆ ತಾರೀಖಿನ ಮೇಲೆ. ಯೋಚಿಸು.

ತಂಗಿ


8 ಮಾರ್ಚ್ 1988

ತಂಗೀ,

ಕೊನೆಯ ಲಾರಿ ನಿನ್ನೆ ಹೋಯಿತು. ಒಟ್ಟು ನೂರ ಹದಿನೆಂಟು ಪೆಟ್ಟಿಗೆ. ಗೇಟಿನ ಹತ್ತಿರ ಹೆಂಗಸರು, ಮಕ್ಕಳು, ಎಲ್ಲ ನಿಂತು ನೋಡಿದರು. "ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ನಿಂತಿದ್ದೀರಲ್ಲ, ರಿಪೇರಿಗೆ ಹೋಗ್ತಿದೆ ಕಣ್ರೋ!" ಎಂದು ನಾನೇ ಗದರಿದೆ.

ಒಳಗೆ ಈಗ ನೂರು ಗಜ ಉದ್ದದ ಬರೀ ನೆಲ. ಕಾಂಕ್ರೀಟಿನಿಂದ ಬೋಲ್ಟುಗಳು ಮಾತ್ರ ಸಾಲಾಗಿ ಎದ್ದು ನಿಂತಿವೆ. ತುಕ್ಕು ಹಿಡಿದರೆ ಯಂತ್ರ ಬಂದಾಗ ಕೂರಿಸಲು ಕಷ್ಟ. ಅದಕ್ಕೆ ಒಂದೊಂದಕ್ಕೂ ಗ್ರೀಸ್ ಬಳಿದು ಗೋಣಿತಟ್ಟು ಸುತ್ತುತ್ತಿದ್ದೇವೆ. ಯಾರೂ ಹೇಳಿಲ್ಲ, ನಾವೇ ಬರುತ್ತೇವೆ. ಮಾತಾಡಿದರೆ ಅಲ್ಲಿ ಪ್ರತಿಧ್ವನಿ. ಮೂವತ್ತೊಂದು ವರ್ಷ ಆ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಿದವರು, ಈಗಲೂ ಕೂಗಿಯೇ ಮಾತಾಡುತ್ತೇವೆ. ಆಮೇಲೆ ನಾಚಿಕೆಯಾಗಿ ಸುಮ್ಮನಾಗುತ್ತೇವೆ.

ಅಳಿಯನನ್ನು ಕೇಳಿದೆಯಾ ಎಂದಿದ್ದೆ. ಕೇಳಿದೆ. "ಮಾವ, ಅತ್ತೆ ಹೇಳಿದ ತಾರೀಖಿಗೆ ಇನ್ನೂ ಮೂರು ವಾರ ಇದೆ" ಎಂದ.

"ನಾನು ಎಲ್ಲರಿಗೂ ಮಾತು ಕೊಟ್ಟಿದ್ದೀನಿ" ಎಂದೆ.

"ನೀವು ಕೊಟ್ಟಿದ್ದೀರಿ. ನಾನಲ್ಲ."

ಮಗಳು ಅವನತ್ತ ಒಂದು ನೋಟ ನೋಡಿದಳು. ಅವನು ಎದ್ದು ಹೊರಗೆ ಹೋದ. ಸಂಜೆ ಬಂದು, "ಆಯ್ತು ಮಾವ, ನಿಮಗಿಂತ ಆ ಯಂತ್ರ ಗೊತ್ತಿರೋರು ಯಾರಿದ್ದಾರೆ" ಎಂದ. ಒಳ್ಳೆಯ ಹುಡುಗ. ಮಗಳಿಗೆ ಐದನೇ ತಿಂಗಳು. ಈ ಸಮಯದಲ್ಲಿ ಗಂಡ ಜೊತೆಗಿರುವುದೇ ಸರಿ.

ಅಣ್ಣ


18 ಮಾರ್ಚ್ 1988
(ಕಳಿಸಲಿಲ್ಲ)

ಅಣ್ಣಾ,

ಇವತ್ತು ಹನ್ನೊಂದು ಗಂಟೆಗೆ ಕ್ರೇನಿನ ಹಗ್ಗ ಜಾರಿ ಒಂದು ದೊಡ್ಡ ಪೆಟ್ಟಿಗೆ ಬಿತ್ತು. ಹಲಗೆ ಒಡೆಯಿತು. ಒಳಗಿನ ಮಾಲು ನೋಡಿ ಬರೆಯಲು ನನ್ನನ್ನು ಕರೆದರು. ಹುಲ್ಲು ಸರಿಸಿದೆ. ಬೇರಿಂಗ್ ಕೂರುವ ಎರಕದ ಒಂದು ದೊಡ್ಡ ಗೂಡು, ಅದರ ಮೇಲೆ ಹದಿನೇಳು ಎಂಬ ನಂಬರು, ಪಕ್ಕದಲ್ಲಿ ಉಲ್ಟಾ ವಾಲಿದ ಗೀರು. ಬೆರಳಿಟ್ಟು ನೋಡಿದೆ. ಇಂಥ ಗೀರು ಹೊಡೆಯುವವನು ಒಬ್ಬನೇ ಇದ್ದಾನೆ.

ಉಳಿದ ಪೆಟ್ಟಿಗೆಗಳು ಎಲ್ಲಿವೆ ಎಂದು ಹೋಗಿ ನೋಡಿದೆ. ನೂರ ಹದಿನೆಂಟೂ ನನ್ನ ಗೋದಾಮಿನಲ್ಲೇ ಇವೆ. ಕಾಗದಪತ್ರದಲ್ಲಿ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ: "ಬಳಸಿದ ಕಾಗದ ಯಂತ್ರ, ಸಂಪೂರ್ಣ, ಒಂದು. ಮಾರಾಟವಾದ ಮಾಲು." ಕೊಂಡವರು ಸಮುದ್ರದಾಚೆಯ ಒಂದು ಕಾಗದ ಕಾರ್ಖಾನೆಯವರು. ಹಡಗು ಸೋಮವಾರ ಹೊರಡುತ್ತದೆ.

ನೀನು ಹೇಳಿದ್ದು ಅರ್ಧ ಸರಿ ಅಣ್ಣಾ. ಗುಜರಿಗೆ ಹೋಗುವ ಮಾಲಿಗೆ ಗುರುತು ಹಾಕಿಸುವುದಿಲ್ಲ. ಬೇರೆಯವರ ಮನೆಯಲ್ಲಿ ನಿಲ್ಲಿಸುವ ಮಾಲಿಗೂ ಹಾಕಿಸುತ್ತಾರೆ. ಅದು ವಾಪಸು ಬರುವುದಿಲ್ಲ.

ಹಾಳೆಗೆ ಸಹಿ ಮಾಡಿದೆ. ಅದು ನನ್ನ ಕೆಲಸ.

ಅಳಿಯನನ್ನು ತಕ್ಷಣ ಕಳಿಸು. ಇನ್ನೂ ಹದಿಮೂರು ದಿನ ಇದೆ. ಆ ಇಪ್ಪತ್ತೆರಡು ಜನರಿಗೂ ಹೇಳು.

ಇಷ್ಟು ಬರೆದು ಮತ್ತೆ ಓದಿದೆ. ಈ ಕಾಗದ ಒಡೆದು ಓದುವುದು ನೀನಲ್ಲ. ಐದು ತಿಂಗಳ ಬಸುರಿ. ಅವಳು ಇದನ್ನು ಜೋರಾಗಿ ಓದಬೇಕು, ನೀನು ಅವಳೆದುರು ಕೂತು ಕೇಳಬೇಕು. ಬೇರೆ ರೀತಿಯಲ್ಲಿ ಬರೆಯಲು ಆಗುತ್ತದೆಯೇ ನೋಡುತ್ತೇನೆ.


20 ಮಾರ್ಚ್ 1988

ಅಣ್ಣಾ,

ಮಗಳ ಆರೋಗ್ಯ ಹೇಗಿದೆ? ಭಾರ ಎತ್ತಲು ಬಿಡಬೇಡ.

ಒಂದು ವಿಷಯ. ಅಳಿಯನನ್ನು ಆರು ತಿಂಗಳ ಮಟ್ಟಿಗಾದರೂ ಇಲ್ಲಿಗೆ ಕಳಿಸು. ನನ್ನ ಮೊಣಕಾಲು ಕೈಕೊಟ್ಟಿದೆ, ಐವತ್ತೆಂಟು ಮೆಟ್ಟಿಲು ಒಬ್ಬಳೇ ಹತ್ತಲಾರೆ. ಮನೆಯಲ್ಲಿ ಒಂದು ಗಂಡಾಳು ಇದ್ದರೆ ಒಳ್ಳೆಯದು. ಹೇಗೂ ಬರುತ್ತಾನೆ, ಬಂದವನು 31ರ ಒಳಗೆ ಆ ಕೆಲಸಕ್ಕೂ ಸೇರಿಕೊಳ್ಳಲಿ. ನಿನ್ನ ಯಂತ್ರ ಬಂದಾಗ ಬಿಟ್ಟು ಬರಬಹುದು. ಇಪ್ಪತ್ತೆರಡು ಜನಕ್ಕೆ ನಾನು ಕಾಯಿಲೆ ಬಿದ್ದಿದ್ದೇನೆ ಎಂದು ಹೇಳು, ಯಾರೂ ತಪ್ಪು ತಿಳಿಯುವುದಿಲ್ಲ.

ಯಾಕೆ ಏನು ಎಂದು ಕೇಳಬೇಡ. ನಿನ್ನನ್ನು ನಾನು ಏನನ್ನೂ ಕೇಳಿದವಳಲ್ಲ. ಇದೊಂದು ನಡೆಸಿಕೊಡು.

ತಂಗಿ


27 ಮಾರ್ಚ್ 1988

ತಂಗೀ,

ನಿನ್ನ ಕಾಗದ ಓದಿ ಮನೆಯಲ್ಲಿ ಎಲ್ಲರೂ ನಕ್ಕೆವು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಸ್ಕೂಲು ತಪ್ಪಿಸಲು ಹೊಟ್ಟೆನೋವು ಎಂದು ಹೇಳಿ ಕಾಲು ಹಿಡಿದುಕೊಳ್ಳುತ್ತಿದ್ದವಳು ನೀನು. ಮಗಳು ಹೇಳುತ್ತಾಳೆ, "ಅಪ್ಪ, ಅತ್ತೆಗೆ ಮೊಣಕಾಲು ನೋವಲ್ಲ, ಒಬ್ಬರೇ ಇದ್ದು ಬೇಜಾರು."

ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಒಂಬತ್ತು ವರ್ಷ ಒಬ್ಬಳೇ ಇದ್ದೀಯ. ಯಂತ್ರ ಬಂದು ಒಂದು ಸಲ ಓಡಲಿ, ನಾನೇ ಬಂದು ಒಂದು ತಿಂಗಳು ನಿನ್ನ ಜೊತೆ ಇರುತ್ತೇನೆ. ಹಾಗೇ ಮೊಣಕಾಲಿಗೆ ಹಚ್ಚುವ ಎಣ್ಣೆ ಕಳಿಸಿದ್ದೇನೆ, ನಿಜವಾಗಿ ನೋವಿದ್ದರೆ ಹಚ್ಚಿಕೋ.

ಅಳಿಯ ನಿಮ್ಮ ಸೂಪರಿಂಟೆಂಡೆಂಟರಿಗೆ ಬರುವುದಿಲ್ಲವೆಂದು ಮರ್ಯಾದೆಯಿಂದ ಬರೆದಿದ್ದಾನೆ. ನಿನಗೆ ಕೆಟ್ಟ ಹೆಸರು ಬರಬಾರದಲ್ಲ. ನಿನ್ನೆ ನನ್ನೆದುರೇ ಅಂಚೆ ಡಬ್ಬಕ್ಕೆ ಹಾಕಿದ. ಹಾಕುವ ಮುಂಚೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. "ಹಾಕಯ್ಯಾ, ಅದೇನು ಕಚ್ಚುತ್ತಾ" ಎಂದೆ.

ಅಣ್ಣ


2 ಮೇ 1988

ಅಣ್ಣಾ,

ಎಣ್ಣೆ ತಲುಪಿತು.

ಆ ಕೆಲಸಕ್ಕೆ ಬೇರೊಬ್ಬ ಸೇರಿದ್ದಾನೆ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಾನೆ.

ರಿಪೇರಿಗೆ ಕಳಿಸಿದ ಕಂಪನಿಗೆ ನೀನೇ ಒಂದು ಕಾಗದ ಬರೆದು ಯಂತ್ರದ ಕೆಲಸ ಎಲ್ಲಿಗೆ ಬಂತು ಎಂದು ಕೇಳಬಾರದೇಕೆ? ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇಲ್ಲಿ ವಿಶೇಷವೇನೂ ಇಲ್ಲ.

ತಂಗಿ


19 ಆಗಸ್ಟ್ 1988

ತಂಗೀ,

ಜುಲೈ ಹದಿನಾಲ್ಕಕ್ಕೆ ಮೊಮ್ಮಗಳು ಹುಟ್ಟಿದಳೆಂದು ಕಾರ್ಡು ಹಾಕಿದ್ದೆ. ಉತ್ತರವಿಲ್ಲ. ಮೂರೂವರೆ ತಿಂಗಳಿಂದ ನಿನ್ನ ಕೈಬರಹವನ್ನೇ ಈ ಮನೆ ನೋಡಿಲ್ಲ. ನಾವು ಕೆಲಸ ಬೇಡವೆಂದದ್ದಕ್ಕೆ ಇಷ್ಟು ದಿನ ಮುನಿಸೇ?

ನೀನು ಹೇಳಿದಂತೆ ಕಂಪನಿಗೆ ಬರೆದೆ. ಎರಡು ಸಲ ಬರೆದೆ. ಅವರೂ ನಿನ್ನ ಹಾಗೆಯೇ ಮೌನ.

ಕಾಲೋನಿಗೆ ನೀರು ಈಗ ದಿನ ಬಿಟ್ಟು ದಿನ. ಕಾರ್ಖಾನೆಯ ಪಂಪಿನಿಂದಲೇ ಬರುತ್ತಿತ್ತಲ್ಲ. ಗೇಟಿನೆದುರು ಇದ್ದ ಹದಿಮೂರು ಅಂಗಡಿಗಳಲ್ಲಿ ನಾಲ್ಕು ಉಳಿದಿವೆ. ಕ್ಷೌರದವನು ಕನ್ನಡಿ ಕಳಚಿಕೊಂಡು ಮೊನ್ನೆ ಹೋದ. ಶಾಲೆಯಲ್ಲಿ ಮೂರು, ನಾಲ್ಕನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ, ಆದರೂ ಬೆಂಚು ಖಾಲಿ. ಮ್ಯಾನೇಜರರ ಮನೆಗೆ ಬೀಗ. ರಜೆ ಎಂದು ಹೋದವರು.

ಅಳಿಯ ಹೆದ್ದಾರಿಯ ಕೆಲಸದಲ್ಲಿ ಜಲ್ಲಿ ಹೊರುತ್ತಾನೆ, ಅದೂ ವಾರಕ್ಕೆ ಮೂರು ದಿನ. ಮನೆಗೆ ಬಂದವನು ಮಗುವನ್ನು ಎತ್ತಿಕೊಳ್ಳುವ ಮುಂಚೆ ಅಂಗೈ ನೋಡಿಕೊಳ್ಳುತ್ತಾನೆ, ಒರಟಾಗಿದೆ ಎಂದು. ನನಗೆ ಏನೂ ಅನ್ನುವುದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಾಯ್ಲರಿನ ಮುದುಕ ಮಾತ್ರ ದಿನಾ ಕೇಳುತ್ತಾನೆ, "ಮೇಸ್ತ್ರಿ, ಅಂಗಿ ಹೊಲಿದಾಯ್ತೇನಯ್ಯಾ?"

"ಹನ್ನೊಂದು ತಿಂಗಳು ಅಂದಿದ್ದು, ಇನ್ನೂ ಐದೂವರೆಯೂ ಕಳೆದಿಲ್ಲ" ಎನ್ನುತ್ತೇನೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹೇಳುವಾಗ ಈಗೀಗ ಅವನ ಮುಖ ನೋಡುವುದಿಲ್ಲ.

ಅಣ್ಣ


11 ಅಕ್ಟೋಬರ್ 1988

ತಂಗೀ,

ಈ ಕಾಗದಕ್ಕೆ ಉತ್ತರ ಬರೆದರೆ ದಪ್ಪ ಅಕ್ಷರದಲ್ಲಿ ಬರೆ. ನಾನೇ ಓದಿಕೊಳ್ಳುತ್ತೇನೆ.

ಹೋದ ಬುಧವಾರ ಕಾರ್ಖಾನೆಯ ಕಾವಲುಗಾರ ಒಂದು ದಪ್ಪ ಲಕೋಟೆ ತಂದುಕೊಟ್ಟ. "ಆಫೀಸಲ್ಲಿ ಯಾರೂ ಇಲ್ಲ. ಯಂತ್ರದ ಚಿತ್ರ ಇದೆ, ನಿಮಗೇ ಇರಬೇಕು" ಎಂದ. ಪರದೇಶದಿಂದ ಬಂದದ್ದು. ಶಾಲೆಯ ಮೇಷ್ಟ್ರು ಓದಿ ಹೇಳಿದರು.

ನಮ್ಮ ಯಂತ್ರವನ್ನು ಅವರು ಕೊಂಡು, ತಮ್ಮಲ್ಲಿ ನಿಲ್ಲಿಸುತ್ತಿದ್ದಾರೆ. ಗುರುತುಗಳು ಬಹಳ ಚೆನ್ನಾಗಿವೆಯಂತೆ, ಕೆಲಸ ಅಂದುಕೊಂಡದ್ದಕ್ಕಿಂತ ಬೇಗ ಸಾಗಿದೆಯಂತೆ. ಹದಿನೇಳನೆಯ ಉರುಳೆಯ ಹಿಂಬದಿಯ ಬೇರಿಂಗ್ ಮಾತ್ರ ಸರಿಯಾಗಿ ಕೂರುತ್ತಿಲ್ಲ. ಅದು ಮೊದಲಿನಿಂದಲೂ ಹಾಗೇ ಇತ್ತೋ, ಬಂದರಿನಲ್ಲಿ ಪೆಟ್ಟಿಗೆ ಬಿದ್ದಾಗ ಪೆಟ್ಟಾಯಿತೋ ಎಂದು ಕೇಳಿದ್ದಾರೆ.

ಮೊದಲಿನಿಂದಲೂ ಹಾಗೇ ಇತ್ತು. ಎಪ್ಪತ್ತನಾಲ್ಕರಲ್ಲಿ ಬಿರುಕು ಬಿಟ್ಟಾಗ ಕೆಳಗೆ ಒಂದು ತೆಳು ಹಿತ್ತಾಳೆ ತಗಡು ಕೊಟ್ಟು ಕೂರಿಸಿದ್ದೆ. ಬಿಚ್ಚಿದಾಗ ತಗಡನ್ನು ಜೋಪಾನವಾಗಿ ಮನೆಗೆ ತಂದಿಟ್ಟೆ. ಎಲ್ಲೂ ಬರೆದಿಡಲಿಲ್ಲ. ಮತ್ತೆ ಕೂರಿಸುವವನು ನಾನೇ ತಾನೇ ಎಂದುಕೊಂಡಿದ್ದೆ.

ಗುರುವಾರ, ಶುಕ್ರವಾರ ಇಪ್ಪತ್ತೆರಡು ಮನೆಗೂ ಹೋಗಿ ಹೇಳಿ ಬಂದೆ. ಒಬ್ಬರೂ ಕೂಗಾಡಲಿಲ್ಲ. ಒಂದು ಮನೆಯಲ್ಲಿ ಹೆಂಗಸು, "ಕೂತ್ಕೊಳ್ಳಿ ಮೇಸ್ತ್ರಿ, ನಿಂತೇ ಇದ್ದೀರಲ್ಲ" ಎಂದಳು. ಕೂರಲಾಗಲಿಲ್ಲ. ಬಾಯ್ಲರಿನ ಮುದುಕ ಮಾತ್ರ, "ಗುರುತು ಚೆನ್ನಾಗಿ ಹಾಕಿದ್ದೆ ಕಣಯ್ಯಾ, ಅವರಿಗೆ ಸಲೀಸಾಯ್ತು" ಎಂದ. ಆಮೇಲೆ ತಾನೇ ಅತ್ತ.

ಇನ್ನು ನಿನ್ನ ವಿಷಯ. ಪೆಟ್ಟಿಗೆ ಬಿದ್ದದ್ದಕ್ಕೆ ಸಾಕ್ಷಿಯಾಗಿ ಅವರು ಬಂದರಿನ ಹಾಳೆಯ ಒಂದು ಪ್ರತಿಯನ್ನು ಲಗತ್ತಿಸಿದ್ದಾರೆ. ಕೆಳಗೆ ನಿನ್ನ ಸಹಿ ಇದೆ. ತಾರೀಖು ಮಾರ್ಚ್ 18. ಅಳಿಯ ಡಬ್ಬಕ್ಕೆ ಕಾಗದ ಹಾಕಿದ್ದು 26ಕ್ಕೆ. ನಿನ್ನ ಊರಿನಿಂದ ಇಲ್ಲಿಗೆ ಟಪಾಲು ನಾಲ್ಕು ದಿನ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದ್ದೇನೋ ಗೊತ್ತಿಲ್ಲ.

ನಿನ್ನ ಮೊಣಕಾಲಿನ ಕಾಗದ ಆಮೇಲೆ ಅರ್ಥವಾಯಿತು. ನೀನು ನಿಜ ಬರೆದಿದ್ದರೂ ನಾನು ನಂಬುತ್ತಿರಲಿಲ್ಲ, ಯಂತ್ರದ ವಿಷಯ ಇವಳಿಗೇನು ಗೊತ್ತು ಎನ್ನುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಗೀರನ್ನು ನೀನು ನೋಡಿದೆ ಎಂದು ಒಂದು ಸಾಲು ಬರೆದಿದ್ದರೆ ನಂಬುತ್ತಿದ್ದೆ.

ನಿನ್ನೊಬ್ಬಳ ತಪ್ಪೆಂದು ನಾನು ಹೇಳುತ್ತಿಲ್ಲ. ಕ್ಯಾಂಟೀನಿನಲ್ಲಿ ಮಾತಾಡಿದವನು ನಾನು. ಆದರೆ ಸಿಟ್ಟಿಲ್ಲ ಎಂದೂ ಬರೆಯಲಾರೆ.

ಹಿತ್ತಾಳೆ ತಗಡನ್ನು ಅವರಿಗೆ ಅಂಚೆಯಲ್ಲಿ ಕಳಿಸಿದೆ, ಹೇಗೆ ಕೂರಿಸಬೇಕೆಂದು ಚಿತ್ರ ಬರೆದು. ಯಂತ್ರ ಏನು ಮಾಡೀತು ಪಾಪ.

ಅಳಿಯ ಕೆಲಸ ಹುಡುಕಿಕೊಂಡು ನಿನ್ನ ಊರಿಗೇ ಹೊರಟಿದ್ದಾನೆ. ಶನಿವಾರ ಇಲ್ಲಿ ಹತ್ತಿದರೆ ಮಂಗಳವಾರ ಅಲ್ಲಿ ಇಳಿಯುತ್ತಾನೆ. "ಅತ್ತೆ ಇದ್ದಾರಲ್ಲ, ಏನಾದರೂ ದಾರಿ ತೋರಿಸ್ತಾರೆ" ಎನ್ನುತ್ತಾನೆ. ಹಾಳೆಯ ವಿಷಯ ಅವನಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಮೇಷ್ಟ್ರಿಗೆ ನಿನ್ನ ಸಹಿ ಯಾರದೆಂದು ತಿಳಿಯದು. ಅವನಿಗೆ ಹೇಳುವುದು, ಬಿಡುವುದು ನಿನಗೆ ಬಿಟ್ಟದ್ದು. ಮೊದಲು ಊಟಕ್ಕೆ ಹಾಕು.

ಅಣ್ಣ


18 ಅಕ್ಟೋಬರ್ 1988

ಅಣ್ಣಾ,

ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಅಳಿಯ ಇವತ್ತು ಬೆಳಗ್ಗೆ ಹತ್ತಕ್ಕೆ ಬಂದ. ಬಾಗಿಲಲ್ಲೇ ಏದುಸಿರು ಬಿಡುತ್ತ, "ಅತ್ತೆ, ನಿಮ್ಮ ಮೊಣಕಾಲು ನೋವು ಸುಳ್ಳಲ್ಲ ಬಿಡಿ, ನನಗೇ ಶುರುವಾಯ್ತು" ಎಂದು ನಕ್ಕ. ಬಹಳ ಇಳಿದುಹೋಗಿದ್ದಾನೆ. ಮಗು ನಿನ್ನ ಹಾಗೆ ಎಡಗೈ ಮುಂದೆ ಚಾಚುತ್ತದೆ ಎಂದ. ಸ್ನಾನ ಮಾಡಿ ಬಂದ. ಊಟಕ್ಕೆ ಹಾಕಿದೆ.

ಊಟ ಮುಗಿಯಲಿ ಎಂದುಕೊಂಡೆ. ಆಮೇಲೆ, ಸ್ವಲ್ಪ ಮಲಗಿ ಏಳಲಿ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ, ಎರಡನೆಯ ಸಲ ಬಡಿಸುತ್ತಿದ್ದ ಕೈಯಲ್ಲೇ ಹೇಳಿಬಿಟ್ಟೆ. ಪೆಟ್ಟಿಗೆ, ಗೀರು, ಹಾಳೆ, ಸಹಿ. ನಿನಗೆ ಬರೆದು ಕಳಿಸದೆ ಇಟ್ಟುಕೊಂಡದ್ದನ್ನೂ ಹೇಳಿದೆ.

ಅವನ ಕೈ ತಟ್ಟೆಯಲ್ಲೇ ನಿಂತಿತು. "ಯಾವ ತಾರೀಖು?" ಎಂದ.

"ಮಾರ್ಚ್ ಹದಿನೆಂಟು."

"ನನ್ನ ಜಾಗದಲ್ಲಿ ಈಗ ಇರೋನು, ಕೆಲಸ ಚೆನ್ನಾಗಿ ಮಾಡ್ತಾನಾ?"

"ಮಾಡ್ತಾನೆ" ಎಂದೆ. ಸುಳ್ಳು ಹೇಳಬೇಕಿತ್ತೇನೋ, ಗೊತ್ತಾಗಲಿಲ್ಲ.

ತಟ್ಟೆಯಲ್ಲಿದ್ದದ್ದನ್ನು ಒಂದಗುಳೂ ಬಿಡದೆ ಉಂಡ. ತಾನೇ ತಟ್ಟೆ ತೊಳೆದಿಟ್ಟ. ಒದ್ದೆ ಟವೆಲನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡ.

"ಎಲ್ಲಿಗಪ್ಪಾ?" ಎಂದೆ.

"ಕೆಲಸ ಹುಡುಕೋಕೆ."

"ಸಂಜೆಗೆ ಬರ್ತೀಯಲ್ಲ?"

ಅವನು ಮೆಟ್ಟಿಲು ಇಳಿಯತೊಡಗಿದ. ನಾನು ಬಾಗಿಲಲ್ಲಿ ನಿಂತು ಅವನ ಹೆಜ್ಜೆ ಕೇಳುತ್ತಿದ್ದೆ. ಅರ್ಧ ಇಳಿದವನು ನಿಂತು, ಮೇಲೆ ನೋಡದೆ, "ಅತ್ತೆ, ನಾನು ಬಂದು ತಲುಪಿದೆ ಅಂತ ಮನೆಗೆ ಒಂದು ಕಾಗದ ಬರೀರಿ. ತಡ ಮಾಡಬೇಡಿ" ಎಂದ.

ಈಗ ಗಂಟೆ ಮೂರೂವರೆ. ಐದರ ಟಪಾಲಿಗೆ ಹಾಕುತ್ತಿದ್ದೇನೆ.

ತಂಗಿ